ಬಿಪಿ ಅಪ್ಪನಿಂದ ಬಂತೋ, ಉಪ್ಪಿನಕಾಯಿ ಭರಣಿಯಿಂದಲೋ?

"ಅಪ್ಪನಿಗೂ ಬಿಪಿ ಇತ್ತು, ಹಾಗೆ ನನಗೂ ಬಂತು" ಎಂಬ ಮಾತನ್ನು ಉಡುಪಿಯ ನನ್ನ ಕ್ಲಿನಿಕ್‌ನಲ್ಲಿ ಅಲ್ಲಿಗೇ ಬಿಡುವುದಿಲ್ಲ. ಒಂದೇ ಮನೆಯವರಿಗೆ ರಕ್ತವೂ ಒಂದೇ, ಉಪ್ಪಿನಕಾಯಿ ಭರಣಿಯೂ ಒಂದೇ.

"ಕುಟುಂಬದಲ್ಲಿ ಯಾರಿಗಾದರೂ ಉಂಟಾ?" ಎಂದು ಕೇಳಿದರೆ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳಲ್ಲಿ ತಾಯಿ ಕಡೆಯ ಲೆಕ್ಕ ಮಾತ್ರ ಸಿಗುವುದುಂಟು. ಜೀನ್ ಎರಡೂ ಕಡೆಯಿಂದ ಬರುತ್ತದೆ. ಹಾಗಾಗಿ ಅಪ್ಪ, ಸೋದರತ್ತೆ, ಅಮ್ಮ, ಸೋದರಮಾವ ಎಂದು ಒಬ್ಬೊಬ್ಬರನ್ನೇ ಹಿಡಿದು ಕೇಳುತ್ತೇನೆ: ಯಾವ ವಯಸ್ಸಿಗೆ ಬಂತು, ಲಕ್ವ ಹೊಡೆದಿತ್ತಾ, ಕಿಡ್ನಿ ತೊಂದರೆ ಇತ್ತಾ. ಜೊತೆಗೆ ಇನ್ನಿಬ್ಬರ ಬಿಪಿ ಬೇಕು. ದುಬೈಯಲ್ಲೋ ಮುಂಬೈಯಲ್ಲೋ ಇರುವ ಅಣ್ಣನದು ಅದೇ ರಕ್ತ, ಬೇರೆ ಅಡುಗೆ. ಮನೆಯ ಸೊಸೆಯದು ಬೇರೆ ರಕ್ತ, ಅದೇ ಅಡುಗೆ. ಇದರಿಂದ ಏನೂ ಸಾಬೀತಾಗದು, ಎಲ್ಲಿಂದ ಹುಡುಕಬೇಕೆಂದು ಗೊತ್ತಾಗುತ್ತದೆ.

ಜನರ ನಡುವಿನ ಬಿಪಿ ವ್ಯತ್ಯಾಸದಲ್ಲಿ ಸುಮಾರು ಶೇ. 30ರಿಂದ 50 ಆನುವಂಶಿಕ. ಇದು ಸಮೂಹದ ಲೆಕ್ಕ. ಒಬ್ಬರ 150ರಲ್ಲಿ ಅಪ್ಪನ ಪಾಲು ಇಷ್ಟು ಎಂದು ಭಾಗ ಮಾಡಲು ಬರುವುದಿಲ್ಲ. ನೂರಾರು ಜೀನ್‌ಗಳಲ್ಲಿ ಬಹುತೇಕ ಒಂದೊಂದರ ಪಾಲು 1 ಮಿ.ಮೀ.ಗಿಂತ (ಬಿಪಿ ಅಳೆಯುವ ಪಾದರಸದ ಮಿ.ಮೀ.) ಕಡಿಮೆ. ಕೆಲವು ಜೀನ್‌ಗಳ ಪ್ರಭಾವ ಕಿಡ್ನಿಯ ಮೇಲೆ. ಅಷ್ಟೇ ಉಪ್ಪು ತಿಂದರೂ ಒಬ್ಬರ ಕಿಡ್ನಿ ಸಲೀಸಾಗಿ ಹೊರಹಾಕುತ್ತದೆ. ಇನ್ನೊಬ್ಬರದು ಒತ್ತಡ ಏರಿದ ಮೇಲೆಯೇ.

"ಉಪ್ಪು ಹೆಚ್ಚು ತಿನ್ನುತ್ತೀರಾ?" ಎಂದು ಕೇಳಿ ಪ್ರಯೋಜನವಿಲ್ಲ, ಉತ್ತರ ಯಾವಾಗಲೂ "ಇಲ್ಲ". 1 ಕೆಜಿ ಪ್ಯಾಕೆಟ್ ಒಡೆದ ದಿನವೇ ಅದರ ಮೇಲೆ ತಾರೀಕು ಬರೆಯಲು ಹೇಳುತ್ತೇನೆ. ನಾಲ್ವರ ಮನೆಯಲ್ಲಿ 30 ದಿನಕ್ಕೆ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ದಾಟಿತು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ. ಮೀನು ತೊಳೆಯುವ ಉಪ್ಪು ಬೇರೆ ಡಬ್ಬಿಯಲ್ಲಿರಲಿ, ಇಲ್ಲವಾದರೆ ಲೆಕ್ಕ ಕೆಡುತ್ತದೆ. ಅಂಗಡಿಯಿಂದ ತಂದ ಉಪ್ಪಿನಕಾಯಿ, ಒಣಮೀನು, ಹಪ್ಪಳದ ಉಪ್ಪು ಇದರ ಮೇಲೆ.

ಆಮೇಲೆ ಅಳತೆ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು, ಬೆಳಿಗ್ಗೆ ಎರಡು, ಸಂಜೆ ಎರಡು ಸಲ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆಯುತ್ತೇನೆ. ಮನೆಯಲ್ಲಿ 135/85 ದಾಟಿದರೆ ಹೆಚ್ಚು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಇಲ್ಲದ ಬಿಪಿ ಕಾಣುತ್ತದೆ. ನಾಲ್ಕು ವಾರ ಉಪ್ಪು ಇಳಿಸಿ, ಮಾತ್ರೆ ಬದಲಿಸದೆ, ಮತ್ತೆ ಏಳು ದಿನ ಅದೇ ಅಳತೆ. ಮೇಲಿನ ಅಂಕಿ 5 ಅಥವಾ ಹೆಚ್ಚು ಇಳಿದರೆ ಆ ದೇಹ ಉಪ್ಪಿಗೆ ಸ್ಪಂದಿಸುವಂಥದ್ದು ಎಂದು ಇಟ್ಟುಕೊಳ್ಳುತ್ತೇನೆ. ಜೂನ್, ಜುಲೈಯಲ್ಲಿ ಮಾತ್ರ ಈ ಪರೀಕ್ಷೆ ಬೇಡ: ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಹಸಿ ಮೀನು ಕಡಿಮೆಯಾಗಿ ಒಣಮೀನೂ ಉಪ್ಪಡ್ ಪಚ್ಚಿಲೂ (ಉಪ್ಪಿನಲ್ಲಿಟ್ಟ ಹಲಸಿನ ತೊಳೆ) ಬಟ್ಟಲಿಗೆ ಬರುತ್ತವೆ.

ಪೊಟ್ಯಾಶಿಯಂ ಬೆರೆಸಿದ "ಕಡಿಮೆ ಸೋಡಿಯಂ" ಉಪ್ಪನ್ನು ಕಿಡ್ನಿ ಕಾಯಿಲೆಯವರು, ರಾಮಿಪ್ರಿಲ್, ಟೆಲ್ಮಿಸಾರ್ಟಾನ್‌ನಂಥ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಕೇಳದೆ ಬಳಸಬಾರದು. ಇನ್ನು, ವಯಸ್ಸು 30 ದಾಟದವರಲ್ಲಿ ಬಿಪಿ ಹೆಚ್ಚಿದ್ದು ರಕ್ತದಲ್ಲಿ ಪೊಟ್ಯಾಶಿಯಂ ಕಡಿಮೆ ಇದ್ದರೆ ಈ ಉಪ್ಪಿನ ಲೆಕ್ಕಕ್ಕೆ ಕಾಯದೆ ತಜ್ಞರಲ್ಲಿಗೆ ಕಳುಹಿಸುತ್ತೇನೆ. ಕಿಡ್ನಿ ಉಪ್ಪನ್ನು ಹಿಡಿದಿಡುವಂತೆ ಮಾಡುವ ಅಲ್ಡೋಸ್ಟಿರೋನ್ ಹಾರ್ಮೋನ್ ಹೆಚ್ಚಿರಬಹುದು, ಅಥವಾ ಒಂದೇ ಜೀನ್‌ನಿಂದ ಬರುವ ಅಪರೂಪದ ಲಿಡಲ್ ಸಿಂಡ್ರೋಮ್ ಇರಬಹುದು; ಎರಡಕ್ಕೂ ಔಷಧಿ ಬೇರೆಯೇ.