ಥ್ರೆಡ್ ಲಿಫ್ಟ್ ಎಷ್ಟು ದಿನ ನಿಲ್ಲುತ್ತದೆ? ಮಾಡಿಸಿಕೊಂಡವಳು ಹೇಳುತ್ತೇನೆ

ನಮ್ಮ ಕಡೆ ಥ್ರೆಡ್ ಅಂದರೆ ಹುಬ್ಬು ತೀಡುವ ದಾರ. ಹಾಗಾಗಿ ಕಾರವಾರದ ನನ್ನ ಪಾರ್ಲರಿಗೆ ಬರುವವರು "ಅಕ್ಕಾ, ಥ್ರೆಡ್ ಲಿಫ್ಟ್ ನೀವೇ ಮಾಡ್ತೀರಾ?" ಅಂತ ಕೇಳುತ್ತಾರೆ. ಇಲ್ಲ. ಅದು ಪಾರ್ಲರಿನ ಕೆಲಸ ಅಲ್ಲವೇ ಅಲ್ಲ. ಚರ್ಮದ ಕೆಳಗೆ ಸೂಜಿಯಿಂದ ದಾರ ಇಳಿಸಿ ಜೋತ ಕೆನ್ನೆಯನ್ನು ಮೇಲೆತ್ತುವುದು ಚರ್ಮದ ಡಾಕ್ಟರೋ ಪ್ಲಾಸ್ಟಿಕ್ ಸರ್ಜನ್ನೋ ಮಾಡಬೇಕಾದದ್ದು. ನಾನು 49ನೇ ವಯಸ್ಸಿನಲ್ಲಿ ಗೋವಾಕ್ಕೆ ಹೋಗಿ ಮಾಡಿಸಿಕೊಂಡೆ. ಆಮೇಲಿಂದ ಎಲ್ಲರದ್ದೂ ಒಂದೇ ಪ್ರಶ್ನೆ: ಎಷ್ಟು ದಿನ ಇರ್ತದೆ?

ದಾರದ ಹೆಸರು ಕೇಳಿ ಉತ್ತರ ಹೇಳಲು ಆಗುವುದಿಲ್ಲ. ಯಾವ ಮುಖಕ್ಕೆ ಹಾಕಿಸಿದಿರಿ, ಮೊದಲ ಮೂರು ವಾರ ಹೇಗಿದ್ದಿರಿ, ಬಿಸಿಲಿಗೆ ಎಷ್ಟು ಬಿದ್ದಿರಿ ಅನ್ನುವುದೇ ಜಾಸ್ತಿ ಲೆಕ್ಕಕ್ಕೆ ಬರುತ್ತದೆ.

ದಾರದ ವಿಷಯ ಬೇಗ ಮುಗಿಸುತ್ತೇನೆ. ಪಿಡಿಒ, ಪಿಎಲ್ಎಲ್ಎ, ಪಿಸಿಎಲ್ ಅನ್ನುವುದು ಕರಗುವ ದಾರದ ಬಗೆಗಳು. ಪಿಡಿಒ ದಾರ ಸುಮಾರು 6ರಿಂದ 8 ತಿಂಗಳಲ್ಲಿ ಮೈಯಲ್ಲಿ ಕರಗುತ್ತದೆ. ಆಪರೇಷನ್‌ನಲ್ಲಿ ಹೊಲಿಗೆ ಹಾಕಲು ಬಳಸುವ ದಾರವೂ ಇದೇ. ಪಿಎಲ್ಎಲ್ಎ ಒಂದು, ಒಂದೂವರೆ ವರ್ಷ ಹಿಡಿಯುತ್ತದೆ. ಪಿಸಿಎಲ್ ಇನ್ನೂ ನಿಧಾನ. ದಾರ ಕರಗಿದ ದಿನವೇ ಮುಖ ಇಳಿಯುವುದಿಲ್ಲ. ಅದರ ಸುತ್ತ ಹುಟ್ಟಿದ ಹೊಸ ಕೊಲ್ಯಾಜನ್, ಅಂದರೆ ಚರ್ಮವನ್ನು ಗಟ್ಟಿಯಾಗಿಡುವ ನಾರಿನಂಥ ಪ್ರೋಟೀನ್, ಸ್ವಲ್ಪ ಕಾಲ ಬಿಗಿ ಉಳಿಸುತ್ತದೆ. ಹಾಗೆಯೇ ದಾರ ಒಳಗೆ ಇದೆ ಅಂದ ಮಾತ್ರಕ್ಕೆ ಎತ್ತಿದ ಕೆನ್ನೆ ಅಲ್ಲೇ ನಿಲ್ಲುತ್ತದೆ ಅಂತಲೂ ಇಲ್ಲ. ಮುಳ್ಳಿಲ್ಲದ ಸಾದಾ ದಾರ ಚರ್ಮವನ್ನು ಸ್ವಲ್ಪ ಗಟ್ಟಿ ಮಾಡುತ್ತದೆ ಅಷ್ಟೇ, ಎತ್ತುವುದಿಲ್ಲ. ಎತ್ತಲು ಮುಳ್ಳಿನ ದಾರ ಬೇಕು, ಅದನ್ನು ಕಾಗ್ ಅನ್ನುತ್ತಾರೆ. ಎಲ್ಲ ಸರಿಯಾದರೆ ಹೆಚ್ಚಿನವರಿಗೆ ಒಂದು ವರ್ಷದ ಆಸುಪಾಸು, ಕೆಲವರಿಗೆ ಅದಕ್ಕಿಂತ ತುಸು ಮುಂದೆ. ನಾನು ಮೊದಲು ವಿಚಾರಿಸಿದ ಒಂದು ಕಡೆ "ಮೂರು ವರ್ಷ ಗ್ಯಾರಂಟಿ" ಅಂದರು. ನನ್ನ ಕೆನ್ನೆ ಮುಟ್ಟಿಯೂ ನೋಡಿರಲಿಲ್ಲ. ಎದ್ದು ಬಂದುಬಿಟ್ಟೆ.

ಈಗ ಮುಖ. ಪಾರ್ಲರಿನಲ್ಲಿ ನಾನು ಮಾಡಿಸುವ ಒಂದು ಪರೀಕ್ಷೆ ಇದೆ, ಮನೆಯಲ್ಲೇ ಮಾಡಿ ನೋಡಿ. ಕೈಗನ್ನಡಿ ಹಿಡಿದು ಕಿಟಕಿ ಎದುರು ಕೂತು ಮುಖ ನೋಡಿಕೊಳ್ಳಿ. ಆಮೇಲೆ ಕನ್ನಡಿ ಸಮೇತ ಅಂಗಾತ ಮಲಗಿ ನೋಡಿ. ಕೆನ್ನೆ ಕಿವಿ ಕಡೆಗೆ ಸರಿಯುತ್ತದೆ, ಮೂಗಿನಿಂದ ಬಾಯಿವರೆಗಿನ ಗೆರೆ ತಿಳಿಯಾಗುತ್ತದೆ. ದಾರ ಕೊಡುವ ವ್ಯತ್ಯಾಸ ಹೆಚ್ಚು ಕಡಿಮೆ ಇಷ್ಟೇ. ಇಷ್ಟು ಸಾಕು ಅನಿಸಿದರೆ ಮುಂದಿನ ಮಾತು. ಗದ್ದದ ಕೆಳಗೆ ಚರ್ಮ ಮಡಿಕೆ ಬಿದ್ದು ಜೋತಿದ್ದರೆ ದಾರ ಆ ಭಾರ ಹೊರುವುದಿಲ್ಲ. ಕೆಲವೇ ತಿಂಗಳಲ್ಲಿ ಇಳಿದುಬಿಡುತ್ತದೆ, ದುಡ್ಡು ದಂಡ. ತುಂಬಿದ ಭಾರದ ಕೆನ್ನೆಗೂ ಹಾಗೇ. ತೀರಾ ತೆಳು ಚರ್ಮವಾದರೆ ದಾರ ಹೊರಗೇ ಕಾಣಬಹುದು.

ಮುಟ್ಟು ನಿಂತವರು ಇದನ್ನೂ ತಿಳಿದಿರಬೇಕು. ಅದಾದ ಮೊದಲ 5 ವರ್ಷದಲ್ಲಿ ಚರ್ಮದ ಕೊಲ್ಯಾಜನ್ ಸುಮಾರು 30% ಕಡಿಮೆಯಾಗುತ್ತದೆ. ಹಾಗಾಗಿ 38ರ ತಂಗಿಗೆ ನಿಂತಷ್ಟು ದಿನ 55ರ ಅಕ್ಕನಿಗೆ ನಿಲ್ಲಲಿಕ್ಕಿಲ್ಲ. ಡಾಕ್ಟರ್ ಕೈ ಕೆಟ್ಟದ್ದು ಅಂತ ಅಲ್ಲ. ತೂಕ ಇಳಿಸುವ ಯೋಚನೆ ಇದ್ದರೆ ಮೊದಲು ಅದನ್ನು ಮುಗಿಸಿ, ಆರು ತಿಂಗಳು ಅದೇ ತೂಕದಲ್ಲಿ ಇದ್ದು ಆಮೇಲೆ ಹೋಗಿ. ದಾರ ಹಾಕಿಸಿದ ಮೇಲೆ ಏಳೆಂಟು ಕಿಲೋ ಇಳಿದರೆ ಕೆನ್ನೆಯ ಕೊಬ್ಬು ಕರಗಿ ಚರ್ಮ ಮತ್ತೆ ಸಡಿಲ, ಅಲ್ವಾ?

ಮೊದಲ ಮೂರು ವಾರದ ಬಗ್ಗೆ ಮಾತ್ರ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಾನು ಕೆಡಿಸಿಕೊಂಡದ್ದು ಅಲ್ಲೇ. ಮುಳ್ಳುಗಳು ಒಳಗಿನ ಪದರವನ್ನು ಕಚ್ಚಿ ಹಿಡಿದಿರುತ್ತವೆ. ಅವುಗಳ ಸುತ್ತ ಹೊಸ ನಾರು ಬೆಳೆದು ಗಟ್ಟಿಯಾಗುವವರೆಗೆ ಆ ಹಿಡಿತ ಬಹಳ ನಾಜೂಕು. ನನಗೆ ರಾತ್ರಿ ಕ್ರೀಮ್ ಹಚ್ಚುವಾಗ ದವಡೆಯಿಂದ ಮೇಲಕ್ಕೆ ಒತ್ತಿ ತೀಡುವ ಚಾಳಿ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ಕೈ. ಹದಿನಾರನೇ ರಾತ್ರಿ ಯೋಚನೆ ಮಾಡದೆ ಹಾಗೇ ತೀಡಿದೆ. ಎಡಗೆನ್ನೆಯ ಒಳಗೆ 'ಟಿಕ್' ಅಂತು. ನೋವು ಅಷ್ಟಿರಲಿಲ್ಲ. ಆದರೆ ಮುಳ್ಳು ಬಿಟ್ಟುಕೊಂಡದ್ದು ಬೆರಳಿಗೇ ಗೊತ್ತಾಯಿತು. ಆ ರಾತ್ರಿ ಅತ್ತುಬಿಟ್ಟೆ. ಇವತ್ತಿಗೂ ನನ್ನ ಎಡಗಡೆ ಬಲಗಡೆಗಿಂತ ಒಂದು ಎಳೆ ಕೆಳಗೆ.

ಹಾಗಾಗಿ ಮೂರರಿಂದ ನಾಲ್ಕು ವಾರ ಫೇಶಿಯಲ್ ಇಲ್ಲ, ಮಸಾಜ್ ಇಲ್ಲ, ಸ್ಟೀಮ್ ಇಲ್ಲ. ಅಂಗಾತವೇ ಮಲಗಬೇಕು, ತಲೆಗೆ ಎರಡು ದಿಂಬು ಇಟ್ಟು. ಆಕಳಿಕೆ ಬಂದರೆ ಗದ್ದದ ಕೆಳಗೆ ಅಂಗೈ ಕೊಟ್ಟು ಬಾಯಿ ಪೂರ್ತಿ ತೆರೆಯದಂತೆ ತಡೆಯಿರಿ. ಹಲ್ಲುಜ್ಜಲು ನಾನು ಚಿಕ್ಕ ಮಕ್ಕಳ ಬ್ರಷ್ ತಂದುಕೊಂಡಿದ್ದೆ. ಹಲ್ಲಿನ ಡಾಕ್ಟರ್ ಹತ್ತಿರ ಕೆಲಸ ಬಾಕಿ ಇದ್ದರೆ ಮೊದಲೇ ಮುಗಿಸಿ ಬನ್ನಿ, ಆ ಕುರ್ಚಿಯಲ್ಲಿ ಅರ್ಧ ಗಂಟೆ ಬಾಯಿ ತೆರೆದು ಕೂರುವುದು ದಾರಕ್ಕೆ ದೊಡ್ಡ ಪೆಟ್ಟು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುವಾಗಲೂ ತೆಗೆಯುವಾಗಲೂ ಕೆನ್ನೆಯನ್ನು ಎಳೆಯುತ್ತದೆ. ಅಷ್ಟು ದಿನ ಸ್ಕೂಟಿ ಬಿಟ್ಟು ಬಸ್ಸಿಗೆ ಹೋಗಿ.

ಊಟಕ್ಕೆ ಗಂಜಿ, ತಂಬುಳಿ ಅನ್ನ, ಮೆತ್ತಗಿನ ಇಡ್ಲಿ. ನಾನು ಮಾಡಿಸಿದ್ದು ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಬೈತಖೋಲ ಬಂದರಿನ ಟ್ರಾಲರ್‌ಗಳು ಹೇಗೂ ಕಡಲಿಗೆ ಇಳಿಯುವುದಿಲ್ಲ, ಹಾಗಾಗಿ ಮೀನಿನ ಆಸೆ ಅಷ್ಟು ಕಾಡಲಿಲ್ಲ. ಏಡಿ ಕಚ್ಚಿ ಒಡೆಯುವುದು, ಚಕ್ಕುಲಿ ಜಗಿಯುವುದು ಬೇಡವೇ ಬೇಡ. ಶಿರಸಿ ಕಡೆಯ ಗಿರಾಕಿಗಳಿಗೆ ನಾನು ತಪ್ಪದೆ ಹೇಳುವುದು ಕವಳದ, ಅಂದರೆ ಎಲೆ ಅಡಿಕೆಯ ಬಗ್ಗೆ. ದಿನಕ್ಕೆ ಏಳೆಂಟು ಸಲ ಅಡಿಕೆ ಜಗಿದರೆ ದವಡೆಗೆ ಬಿಡುವೇ ಇಲ್ಲ. ಹೊಗೆಸೊಪ್ಪು ಸೇರಿಸಿದರೆ ಅದರ ನಿಕೋಟಿನ್ ರಕ್ತನಾಳವನ್ನು ಕುಗ್ಗಿಸುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಸಿಗರೇಟಿಗೂ ಇದೇ ಮಾತು.

ಆಮೇಲೆ ಬಿಸಿಲು. ಹೊಸ ಕೊಲ್ಯಾಜನ್ ಹುಟ್ಟಿಸಲು ದುಡ್ಡು ಕೊಟ್ಟು, ಅದನ್ನೇ ಬಿಸಿಲಿಗೆ ಕೊಟ್ಟು ಹಾಳು ಮಾಡಿಸಿಕೊಳ್ಳುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಸದಾಶಿವಗಡದಿಂದ ಕಾಳಿ ಸೇತುವೆ ದಾಟಿ ದಿನಾ ಕೆಲಸಕ್ಕೆ ಬರುವವರಿಗೆ ಮೇಲಿಂದಲೂ ಬಿಸಿಲು, ನೀರಿನಿಂದಲೂ ಬಿಸಿಲು. ಎರಡು ಬೆರಳುದ್ದ ಸನ್‌ಸ್ಕ್ರೀನ್ ಮುಖ ಕುತ್ತಿಗೆಗೆ ಬೇಕು, ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಮೋಡ ಇದ್ದರೂ ಹಚ್ಚಿ. ಚರ್ಮ ಸಡಿಲ ಮಾಡುವ ಯುವಿಎ ಕಿರಣ ಮೋಡವನ್ನೂ ಬಸ್ಸಿನ ಗಾಜನ್ನೂ ದಾಟಿ ಬರುತ್ತದೆ. ಮೊದಲ ಮೂರ್ನಾಲ್ಕು ವಾರ ಮಾತ್ರ ಒತ್ತದೆ, ಬೆರಳ ತುದಿಯಲ್ಲಿ ಹಗುರವಾಗಿ ತಟ್ಟಿ.

ಎಷ್ಟು ದಿನ ನಿಂತಿತು ಅಂತ ಗೊತ್ತಾಗಲು ಫೋಟೋ ಇಡಬೇಕು. ಮಾಡಿಸಿದ ಮರುದಿನದ ಫೋಟೋ ನಂಬಬೇಡಿ, ಅದರಲ್ಲಿ ಅರ್ಧ ಬಾವು. ಬಾವು ಇಳಿದಾಗ "ಆಗಲೇ ಹೋಯ್ತು" ಅಂತ ಸುಮ್ನೆ ಹೆದರುತ್ತಾರೆ. ಒಂದು ತಿಂಗಳಾದ ಮೇಲಿನ ಫೋಟೋವೇ ನಿಮ್ಮ ಲೆಕ್ಕದ ಶುರು. ಅದೇ ಕಿಟಕಿ, ಅದೇ ಹೊತ್ತು, ಕೂದಲು ಕಟ್ಟಿ, ಮೇಕಪ್ ಇಲ್ಲದೆ, ತಿಂಗಳಿಗೊಂದು. ನನ್ನದರಲ್ಲಿ ಎಂಟನೇ ತಿಂಗಳವರೆಗೆ ವ್ಯತ್ಯಾಸ ಕಾಣಲಿಲ್ಲ. ಹತ್ತರಲ್ಲಿ ಬಾಯಿಯ ಪಕ್ಕದ ಗೆರೆ ಮೆಲ್ಲಗೆ ಮರಳಿ ಬಂತು.

ಚರ್ಮದಲ್ಲಿ ಗುಳಿ ಬಿದ್ದಿದ್ದರೆ ಒಂದೆರಡು ವಾರ ಕಾಯಬಹುದು. ದಾರದ ತುದಿ ಹೊರಗೆ ಚುಚ್ಚಿದರೆ, ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಜ್ವರ ಬಂದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ತುದಿಯನ್ನು ನೀವೇ ಎಳೆಯಬೇಡಿ. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಮೊದಲ ಭೇಟಿಯಲ್ಲೇ ಹೇಳಿ. ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ.

ಇನ್ನೊಂದು. ದಾರದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ, ಅದರ ಮೇಲಿನ ಸ್ಟಿಕ್ಕರ್ ಕೇಳಿ ತನ್ನಿ. ನಾನು ನನ್ನದನ್ನು ಪಾರ್ಲರಿನ ಅಪಾಯಿಂಟ್‌ಮೆಂಟ್ ಡೈರಿಯಲ್ಲೇ ಅಂಟಿಸಿದ್ದೇನೆ. ಪಕ್ಕದಲ್ಲಿ ಬಲಗಡೆ ನಾಲ್ಕು ದಾರ, ಎಡಗಡೆ ನಾಲ್ಕು ಅಂತ ಬರೆದು, ತಾರೀಕು ಹಾಕಿದ್ದೇನೆ. ಮುಂದೆ ಮತ್ತೆ ಹಾಕಿಸುವಾಗ ಬೇರೆ ಡಾಕ್ಟರ್ ಆದರೂ ಒಳಗೆ ಏನಿತ್ತು ಅಂತ ಅವರಿಗೆ ತಿಳಿಯುತ್ತದೆ.