ಹತ್ತಡಿ ಸರಿಸಿ ಆಫ್ ಮಾಡಿದ ಆರ್‌ಎಕ್ಸ್-8 ಮತ್ತೆ ಸ್ಟಾರ್ಟ್ ಆಗದಿದ್ದರೆ

ನಮ್ಮೂರಲ್ಲಿ ಮಜ್ದಾ ಅಂದರೆ ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಹೋಗುವ ಸ್ವರಾಜ್ ಮಜ್ದಾ ಮಿನಿ ಬಸ್. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿರುವ ಕನ್ನಡಿಗರಿಗೆ ಅದೇ ಹೆಸರಿನ ಇನ್ನೊಂದು ಗಾಡಿ ಗೊತ್ತಿರುತ್ತದೆ: ಆರ್‌ಎಕ್ಸ್-8. 2003ರಿಂದ 2012ರವರೆಗೆ ತಯಾರಾದ ಈ ರೋಟರಿ ಎಂಜಿನ್ ಸ್ಪೋರ್ಟ್ಸ್ ಕಾರು ಸೆಕೆಂಡ್ ಹ್ಯಾಂಡ್‌ನಲ್ಲಿ ಆಸೆ ಹುಟ್ಟಿಸುವ ಬೆಲೆಗೆ ಸಿಗುತ್ತದೆ. ಬೆಲೆ ಯಾಕೆ ಇಳಿದಿದೆ ಅನ್ನುವುದು ಮೊದಲ ಚಳಿಗಾಲದಲ್ಲಿ ಗೊತ್ತಾಗುತ್ತದೆ.

ಶನಿವಾರ ಬೆಳಿಗ್ಗೆ ತೊಳೆಯೋಣ ಅಂತ ಕಾರನ್ನು ಗ್ಯಾರೇಜಿನಿಂದ ಹತ್ತಡಿ ಹೊರಗೆ ತಂದು ಆಫ್ ಮಾಡಿದಿರಿ. ತೊಳೆದು, ಒರೆಸಿ, ಮತ್ತೆ ಕೀ ತಿರುಗಿಸಿದರೆ ಎಂಜಿನ್ ಸುಮ್ನೆ ಗಿರಗಿರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಹಿಂದೆ ಹೋದರೆ ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ. ಹಳೇ ಸ್ಕೂಟರ್ ಓಡಿಸಿದವರು ಇದಕ್ಕೆ ‘ಓವರ್‌ಫ್ಲೋ ಆಗಿದೆ’ ಅನ್ನುತ್ತಿದ್ದರು. ಸ್ಕೂಟರನ್ನಾದರೆ ವಾಲಿಸಿ ನಾಲ್ಕು ಕಿಕ್ ಹೊಡೆಯಬಹುದಿತ್ತು. ಇದನ್ನು ವಾಲಿಸುವುದು ಹೇಗೆ?

ಒಳಗೆ ಆಗಿರುವುದು ಇಷ್ಟು. ಈ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ನಡು ಸ್ವಲ್ಪ ಒಳಸರಿದ, ಕಡಲೆಕಾಯಿಯಂಥ ಆಕಾರದ ಎರಡು ಗೂಡುಗಳಲ್ಲಿ ಮೂರು ಮೂಲೆಯ ಎರಡು ರೋಟರ್‌ಗಳು ತಿರುಗುತ್ತವೆ. ಪ್ರತಿ ಮೂಲೆಯಲ್ಲೂ ಎಪೆಕ್ಸ್ ಸೀಲ್ ಎಂಬ ಲೋಹದ ಪಟ್ಟಿ ಇದೆ. ಅದು ಗೋಡೆಗೆ ಒತ್ತಿಕೊಂಡು, ತೆಳ್ಳಗಿನ ಎಣ್ಣೆಪಸೆಯ ನೆರವಿನಿಂದ ಗಾಳಿ ಸೋರದ ಹಾಗೆ ಹಿಡಿದಿಡುತ್ತದೆ. ತಣ್ಣಗಿರುವ ಎಂಜಿನ್‌ಗೆ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಬಿಸಿಯಾಗುವ ಮೊದಲೇ ಆಫ್ ಮಾಡಿದರೆ ಉಳಿದ ಪೆಟ್ರೋಲ್ ಗೋಡೆಯ ಎಣ್ಣೆಯನ್ನೆಲ್ಲ ತೊಳೆದುಬಿಡುತ್ತದೆ, ಸೀಗೆಪುಡಿ ಹಾಕಿ ತಲೆಯ ಜಿಡ್ಡು ತೆಗೆದ ಹಾಗೆ. ಎಣ್ಣೆ ಹೋದರೆ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯನ್ನು ಅದುಮಿ ಹಿಡಿಯುವ ಒತ್ತಡ, ಹೋಯಿತು. ಪ್ಲಗ್ಗೂ ಒದ್ದೆ. ಮತ್ತೆ ಮತ್ತೆ ಸೆಲ್ಫ್ ಹೊಡೆದಷ್ಟೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗುತ್ತದೆ. ಆದ್ದರಿಂದ ಮೊದಲ ಕೆಲಸ: ಕೀ ಬಿಡಿ.

ಬಾನೆಟ್ ಎತ್ತುವ ಮೊದಲು

ಹತ್ತು ಸೆಕೆಂಡ್ ಸುಮ್ಮನಿರಿ. ಆಮೇಲೆ ಆಕ್ಸಿಲರೇಟರನ್ನು ನೆಲಕ್ಕೆ ತಾಗುವವರೆಗೆ ತುಳಿದು, ಹಾಗೇ ಹಿಡಿದುಕೊಂಡು ಸೆಲ್ಫ್ ಹೊಡೆಯಿರಿ. ಹೀಗೆ ತುಳಿದರೆ ಇನ್ನೂ ಪೆಟ್ರೋಲ್ ಸುರಿಯುತ್ತದಲ್ವಾ ಅನ್ನಿಸಬಹುದು. ಈ ಕಾರಿನಲ್ಲಿ ಉಲ್ಟಾ. ಸ್ಟಾರ್ಟ್ ಮಾಡುವಾಗ ಪೆಡಲ್ ಪೂರ್ತಿ ಕೆಳಗಿದ್ದರೆ ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನಷ್ಟೇ ಒಳಗೆ ಬಿಡುತ್ತದೆ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು. ಹೊತ್ತಿಕೊಂಡ ಕೂಡಲೇ ಕೀ ಮತ್ತು ಪೆಡಲ್ ಎರಡನ್ನೂ ಬಿಡಿ.

ಎರಡು ಸಲಕ್ಕಿಂತ ಜಾಸ್ತಿ ಪ್ರಯತ್ನಿಸುವುದಾದರೆ ನಡುನಡುವೆ ಸ್ಟಾರ್ಟರ್ ಮೋಟಾರ್ ತಣಿಯಲು ಕೆಲವು ನಿಮಿಷ ಕೊಡಿ. ಬ್ಯಾಟರಿ ಸೊರಗಿದ್ದರೆ ಚಾರ್ಜ್ ಮಾಡಿ, ಇಲ್ಲವೇ ಇನ್ನೊಂದು ಕಾರಿನಿಂದ ಜಂಪರ್ ಕೇಬಲ್ ಕೊಡಿ. ರೋಟರಿಗೆ ಸ್ಟಾರ್ಟ್ ಆಗಲು ವೇಗ ಬೇಕು. ನಿಧಾನಕ್ಕೆ ತಿರುಗಿದರೆ ಕಂಪ್ರೆಷನ್ ಹುಟ್ಟುವುದೇ ಇಲ್ಲ.

ಇನ್ನೊಂದು ಕಾರಿಗೆ ಹಗ್ಗ ಕಟ್ಟಿ ಎಳೆಸಿ ಸ್ಟಾರ್ಟ್ ಮಾಡಿ ಅಂತ ಯಾರಾದರೂ ಹೇಳಬಹುದು. ನನಗಂತೂ ಅದು ಬೇಡ ಅನ್ನಿಸುತ್ತದೆ. ಸುಡದ ಪೆಟ್ರೋಲ್ ಎಲ್ಲ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಸೇರುತ್ತದೆ. ಅದು ಕೆಟ್ಟರೆ ಖರ್ಚು ದೊಡ್ಡದು.

ಪ್ಲಗ್ ಬಿಚ್ಚುವ ಹೊತ್ತು

ಪೆಡಲ್ ಉಪಾಯ ನಡೆಯದಿದ್ದರೆ ತೋಳು ಮಡಚಬೇಕು. ಕಾರು ಬಯಲಲ್ಲಿರಲಿ. ಹತ್ತಿರ ಬೀಡಿ, ಸಿಗರೇಟು, ಹೀಟರ್ ಯಾವುದೂ ಬೇಡ.

ಫ್ಯೂಸ್ ಬಾಕ್ಸ್‌ನ ಮುಚ್ಚಳದಲ್ಲಿರುವ ಚಿತ್ರ ನೋಡಿ ಫ್ಯೂಯಲ್ ಪಂಪ್‌ನ ಫ್ಯೂಸ್ ಕಿತ್ತಿಡಿ. ಕಾರನ್ನು ಜ್ಯಾಕ್ ಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು, ಎಡಗಡೆಯ ಮುಂದಿನ ಚಕ್ರ ತೆಗೆಯಿರಿ. ನಾಲ್ಕೂ ಪ್ಲಗ್ ಎಂಜಿನ್‌ನ ಆ ಮಗ್ಗುಲಲ್ಲೇ ಇವೆ, ಒಂದೊಂದು ರೋಟರ್‌ಗೆ ಎರಡೆರಡು. ಕೆಳಗಿನದು ಲೀಡಿಂಗ್, ಮೇಲಿನದು ಟ್ರೇಲಿಂಗ್. ಎರಡೂ ಬೇರೆ ಬೇರೆ ಪ್ಲಗ್, ಅದಲುಬದಲಾಗಬಾರದು. ವೈರ್ ಕೀಳುವ ಮೊದಲು ಟೇಪ್ ಅಂಟಿಸಿ ಗುರುತು ಬರೆಯಿರಿ. ‘ನೆನಪಿರುತ್ತೆ ಬಿಡು’ ಅಂದವರೇ ಆಮೇಲೆ ತಲೆ ಕೆರೆದುಕೊಳ್ಳುವುದು.

ನಾಲ್ಕೂ ಪ್ಲಗ್ ಬಿಚ್ಚಿದ ಮೇಲೆ, ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್‌ಗಳ ಕನೆಕ್ಟರ್‌ಗಳನ್ನೂ ಬಿಚ್ಚಿ. ಕಿಡಿ ಹಾರಬಾರದು. ಪ್ಲಗ್ ಇಲ್ಲದ ತೂತುಗಳ ಮುಂದೆ ಬಟ್ಟೆ ಅಡ್ಡ ಇಟ್ಟು, ದೂರ ಸರಿದು, ಇನ್ನೊಬ್ಬರಿಂದ ಐದಾರು ಸೆಕೆಂಡ್ ಸೆಲ್ಫ್ ಹೊಡೆಸಿ. ಪೆಟ್ರೋಲ್ ಹನಿಹನಿಯಾಗಿ ಚಿಮ್ಮುತ್ತದೆ. ಚಿಮ್ಮುವುದು ನಿಲ್ಲುವವರೆಗೆ ಬಿಟ್ಟು ಬಿಟ್ಟು ಮಾಡಿ. ಒದ್ದೆ ಬಟ್ಟೆಯನ್ನು ದೂರ ಇಡಿ.

ಇನ್ನು ತೊಳೆದುಹೋದ ಎಣ್ಣೆಪಸೆಯನ್ನು ವಾಪಸ್ ಕೊಡಬೇಕು. ಪ್ರತಿ ರೋಟರ್‌ನ ಒಂದು ಪ್ಲಗ್ ತೂತಿಗೆ ಪೈಪ್ ಸಿಕ್ಕಿಸಿದ ಸಿರಿಂಜ್‌ನಿಂದ ಸುಮಾರು 5 ಮಿಲಿ ಎಂಜಿನ್ ಆಯಿಲ್ ಬಿಟ್ಟು, ಎರಡು ಸೆಕೆಂಡ್ ಸೆಲ್ಫ್ ಹೊಡೆದರೆ ಸುತ್ತ ಸವರಿಕೊಳ್ಳುತ್ತದೆ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಇದು ವಿಚಿತ್ರ ಅನ್ನಿಸಲಿಕ್ಕಿಲ್ಲ. ಟೂ ಸ್ಟ್ರೋಕ್ ಗಾಡಿಯ ಹಾಗೆ ರೋಟರಿಯೂ ಓಡುವಾಗ ಸ್ವಲ್ಪ ಸ್ವಲ್ಪ ಆಯಿಲ್ ಸುಡುವ ಎಂಜಿನ್ನೇ.

ಪ್ಲಗ್ ಹೊಸದಾದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯದನ್ನೇ ಪೂರ್ತಿ ಒಣಗಿಸಿ ಹಾಕಿ. ಮೊದಲು ಕೈಯಿಂದಲೇ ಮರೆ ತಿರುಗಿಸಿ, ಆಮೇಲೆ ಸ್ಪ್ಯಾನರ್. ವೈರ್, ಕನೆಕ್ಟರ್, ಚಕ್ರ, ಫ್ಯೂಸ್ ಎಲ್ಲ ಜಾಗಕ್ಕೆ ಬಂದ ಮೇಲೆ ಕೀ ತಿರುಗಿಸಿ.

ಹೊತ್ತಿಕೊಂಡರೆ ಬಿಳಿ ಹೊಗೆ ಬೀದಿ ತುಂಬುತ್ತದೆ. ಪಕ್ಕದ ಮನೆಯವರು ಕಿಟಕಿ ತೆಗೆದು ನೋಡುತ್ತಾರೆ. ಕೈ ಬೀಸಿ, ಆದರೆ ಎಂಜಿನ್ ಮಾತ್ರ ಆಫ್ ಮಾಡಬೇಡಿ. ಟೆಂಪರೇಚರ್ ಮುಳ್ಳು ನಡುವಿಗೆ ಬರುವವರೆಗೆ ಓಡಲಿ. ಹೊಗೆ ತಾನಾಗೇ ಕಡಿಮೆಯಾಗುತ್ತದೆ. ಆಮೇಲೆ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿ.

ಪದೇಪದೇ ಆಗುತ್ತಿದ್ದರೆ

ತಣ್ಣಗಿದ್ದಾಗ ಆಫ್ ಮಾಡಿ ಒಮ್ಮೆ ಸಿಕ್ಕಿಹಾಕಿಕೊಂಡರೆ ಅದು ನಮ್ಮ ತಪ್ಪು. ಹತ್ತಡಿ ಸರಿಸಲು ಸ್ಟಾರ್ಟ್ ಮಾಡಿದರೂ ಬಿಸಿಯಾದ ಮೇಲೇ ಆಫ್ ಮಾಡುವುದು ಇದಕ್ಕೆ ಮದ್ದು. ಹಾಗೆ ಮಾಡಿಯೂ ಮತ್ತೆ ಮತ್ತೆ ಆದರೆ ಬೇರೆ ಏನೋ ಸೊರಗಿದೆ. ಬ್ಯಾಟರಿ, ಕಾಯಿಲ್, ಪ್ಲಗ್ ನೋಡಿಸಿ. ಮೊದಮೊದಲ ಕಾರುಗಳ ಸ್ಟಾರ್ಟರ್ ಸ್ವಲ್ಪ ಮೆಲ್ಲಗೆ ತಿರುಗುತ್ತಿತ್ತು. ಆಮೇಲೆ ಬಂದ ವೇಗದ ಸ್ಟಾರ್ಟರ್ ಹಾಕಿಸಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ.

ಎಂಜಿನ್ ಬಿಸಿ ಇದ್ದಾಗಲೇ ಸ್ಟಾರ್ಟ್ ಆಗಲು ಹಟ ಮಾಡುತ್ತಿದ್ದರೆ ಕಂಪ್ರೆಷನ್ ಅಳೆಸುವುದು ವಾಸಿ. ಮಾಮೂಲಿ ಗೇಜ್ ಬೇಡ. ಅದು ರೋಟರ್‌ನ ಮೂರು ಮುಖಗಳಲ್ಲಿ ಚೆನ್ನಾಗಿರುವುದರ ಅಂಕಿಯನ್ನಷ್ಟೇ ತೋರಿಸುತ್ತದೆ. ರೋಟರಿ ಟೆಸ್ಟರ್ ಇರುವ ಗ್ಯಾರೇಜ್ ಹುಡುಕಿ, ಆರೂ ಮುಖಗಳ ಅಂಕಿಯನ್ನು ಬರೆಸಿಕೊಳ್ಳಿ. 250 ಆರ್‌ಪಿಎಂ ಲೆಕ್ಕದಲ್ಲಿ ಯಾವುದೂ 680 ಕಿಲೋಪಾಸ್ಕಲ್‌ಗಿಂತ ಕೆಳಗಿರಬಾರದು. ಕಾರು ಇನ್ನೂ ಕೊಂಡಿಲ್ಲ, ನೋಡುತ್ತಿದ್ದೀರಿ ಅಂತಾದರೆ ದುಡ್ಡು ಕೊಡುವ ಮೊದಲೇ ಈ ಚೀಟಿ ಕೇಳಿ.