ಅಮ್ಮನ ಕಿವಿ ಕೊಟ್ಟ ರ‍್ಯಾಂಕು

ನನ್ನ ಮೆಚ್ಚಿನ ಟಿವಿ ಕಾರ್ಯಕ್ರಮಗಳ ಪಟ್ಟಿ ಎಷ್ಟೋ ವರ್ಷದಿಂದ ಒಂದೇ ಥರ ಇತ್ತು. ಯಾರಾದರೂ ಕೇಳಿದರೆ ಬಾಯಿಗೆ ತಾನಾಗಿ ಬರುತ್ತಿತ್ತು. ಮೊದಲು ಮಾಲ್ಗುಡಿ ಡೇಸ್, ಆಮೇಲೆ ಮಾಯಾಮೃಗ, ಆಮೇಲೆ ಉಳಿದವು. ಹೋದ ವರ್ಷ ಮಳೆಗಾಲದಲ್ಲಿ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆದೆ.

ಅಮ್ಮನಿಗೆ ಗ್ಲಾಕೋಮಾ, ನಿಧಾನವಾಗಿ ದೃಷ್ಟಿ ಕಸಿಯುವ ಕಣ್ಣಿನ ಕಾಯಿಲೆ. ಈಗ ಬೆಳಕು, ಕತ್ತಲೆ ಗೊತ್ತಾಗುತ್ತದೆ, ಎದುರಿಗಿರುವವರ ಮುಖ ಗೊತ್ತಾಗುವುದಿಲ್ಲ. ಆದರೂ ಸಂಜೆ ಏಳಕ್ಕೆ ದೀಪ ಹಚ್ಚಿ ಟಿವಿ ಮುಂದೆ ಕೂರುವುದನ್ನು ಅವಳು ಬಿಟ್ಟಿಲ್ಲ. ನಾನು ಪಕ್ಕದಲ್ಲಿ ಕೂತು ಬೀನ್ಸ್ ಹೆಚ್ಚುತ್ತಲೋ ಬಟ್ಟೆ ಮಡಚುತ್ತಲೋ ಇರುತ್ತೇನೆ. ಪ್ರತಿ ಎರಡು ನಿಮಿಷಕ್ಕೆ ಅವಳ ಪ್ರಶ್ನೆ ಬರುತ್ತಿತ್ತು. "ಈಗ ಯಾರು ಬಂದ್ರು ಮಾರಾಯ್ತಿ?" "ಎಂತ ಆಯ್ತು, ಯಾಕೆ ಎಲ್ಲ ಸುಮ್ನಾದ್ರು?"

ಅವಳು ಕೇಳುವುದರಲ್ಲಿ ತಪ್ಪೇನಿಲ್ಲ. ಟಿವಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಢಂ ಎಂದು ಒಂದು ಸದ್ದು. ಒಬ್ಬರ ಮುಖ ಮೂರು ಸಲ ಹತ್ತಿರ ಬರುತ್ತದೆ. ಮತ್ತೆ ಢಂ, ಇನ್ನೊಬ್ಬರ ಮುಖ. ಕಣ್ಣಿದ್ದವರಿಗೆ ಅದೊಂದು ದೃಶ್ಯ. ಅಮ್ಮನಿಗೆ ಅದು ಖಾಲಿ ಸದ್ದು. ಒಂದು ರಾತ್ರಿ ಅವಳು, "ಟಿವಿ ಬಂದ್ ಮಾಡು, ಇದು ನನಗಲ್ಲ" ಅಂದಳು. ಆ ಮಾತು ನನಗೆ ತುಂಬ ಚುಚ್ಚಿತು. ಟಿವಿ ಇಲ್ಲದ ಕಾಲದಲ್ಲಿ ರೇಡಿಯೋ ನಾಟಕ ಕೇಳಿಕೊಂಡು ಬೆಳೆದವಳು ಅವಳು. ಅವಳಿಗೆ ಒಪ್ಪುವಂಥದ್ದನ್ನು ಹುಡುಕಲೇಬೇಕು ಅಂದುಕೊಂಡೆ. ಹುಡುಕಬೇಕಾದರೆ ಅಳೆಯಬೇಕು ಅಲ್ವಾ?

ಹಾಲಿನ ಲೆಕ್ಕದ ಡೈರಿಯ ಹಿಂದಿನ ಹಾಳೆಗಳನ್ನು ಇದಕ್ಕೆ ಇಟ್ಟುಕೊಂಡೆ. ನನಗೆ ಇಷ್ಟವಾದ ಕನ್ನಡ ಕಾರ್ಯಕ್ರಮಗಳ ಹೆಸರು ಬರೆದೆ. ಒಂದೊಂದರಿಂದ ಮೂರು ಕಂತು, ಮೂರು ದಿನ. ಅಮ್ಮ "ಯಾರು?" ಅಥವಾ "ಏನಾಯ್ತು?" ಎಂದು ಕೇಳಿದಾಗಲೆಲ್ಲ ಒಂದು ಗೀಟು. ಗೀಟು ಕಡಿಮೆಯಾದಷ್ಟೂ ರ‍್ಯಾಂಕು ಮೇಲೆ.

ಮೊದಲ ವಾರದ ಲೆಕ್ಕವನ್ನೆಲ್ಲ ಬಿಸಾಡಬೇಕಾಯಿತು. ಅವಳು ಕೇಳುವ ಮೊದಲೇ ನಾನು ಹೇಳಿಬಿಡುತ್ತಿದ್ದೆ. ಮುಖ ನೋಡಿದ ಕೂಡಲೇ "ಅತ್ತೆ ಬಂದಳು" ಎಂದು ಬಾಯಿಗೆ ಬಂದುಬಿಡುತ್ತದೆ, ತಡೆಯುವುದು ಕಷ್ಟ. ಕೊನೆಗೆ ನಾನೂ ಅವಳ ಹಾಗೆ ಕೇಳುವುದು ಎಂದು ತೀರ್ಮಾನಿಸಿ, ಕಂತುಗಳನ್ನು ಹಾಕುತ್ತಿದ್ದ ಮೊಬೈಲನ್ನು ಮಗುಚಿ ಇಟ್ಟೆ. ಮೊಬೈಲಿನ ಸ್ಪೀಕರಿನಲ್ಲಿ ಗಂಡಸರ ದನಿಗಳೆಲ್ಲ ಒಂದೇ ಥರ ಕೇಳುತ್ತಿದ್ದವು. ಹಾಗಾಗಿ ಒಂದು ಸಣ್ಣ ಬ್ಲೂಟೂತ್ ಸ್ಪೀಕರ್ ತಂದು ಅವಳ ಕುರ್ಚಿಯ ಹತ್ತಿರ, ಕಿವಿಯ ಎತ್ತರಕ್ಕೆ ಇಟ್ಟೆ. ಅದರಿಂದಲೇ ಅರ್ಧ ಪ್ರಶ್ನೆಗಳು ನಿಂತವು. ಮನೆಯಲ್ಲಿ ಕಣ್ಣು ಮಂಜಾದ ಹಿರಿಯರಿದ್ದರೆ ಮೊದಲು ಮಾಡಬೇಕಾದ ಕೆಲಸ ಇದು.

ಆಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬಂತು. ಅಮ್ಮನ ಎಲ್ಲ ಪ್ರಶ್ನೆಗಳೂ ಒಂದೇ ಥರದವಲ್ಲ. "ಯಾರು ಬಂದ್ರು?" ಅಂದರೆ ಅವಳಿಗೆ ದಾರಿ ತಪ್ಪಿದೆ. "ಅವಳು ಯಾಕೆ ಹಾಗಂದ್ಲು?" ಅಂದರೆ ಅವಳು ಕತೆಯ ಒಳಗೇ ಇದ್ದಾಳೆ. ಎರಡನೆಯದಕ್ಕೆ ಗೀಟು ಹಾಕಬಾರದು, ಬದಲಿಗೆ ಒಂದು ಸೊನ್ನೆ ಸುತ್ತಬೇಕು. ಸೊನ್ನೆ ಜಾಸ್ತಿ ಇದ್ದರೆ ಒಳ್ಳೆಯದು.

ಈ ಲೆಕ್ಕದಲ್ಲಿ ಮೊದಲ ಸ್ಥಾನ ಮಾಯಾಮೃಗಕ್ಕೆ. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ ಮತ್ತು ನಾಗೇಂದ್ರ ಶಾ ಸೇರಿ ನಿರ್ದೇಶಿಸಿದ ಧಾರಾವಾಹಿ. 1998ರಲ್ಲಿ ದೂರದರ್ಶನದಲ್ಲಿ ಬಂದಾಗ ನಾನು ಕಾಲೇಜಿನಿಂದ ಓಡಿ ಬಂದು ನೋಡುತ್ತಿದ್ದೆ. ಆಗ ಅದರಲ್ಲಿ ನಟಿಸಿದ ಮಾಳವಿಕಾ ಅವರ ಮುಖ, ಅವರ ನಿಲುವು ನನಗೆ ಬಹಳ ಹಿಡಿಸಿತ್ತು. ಈಗ ಬರೀ ಕೇಳುವಾಗ ಬೇರೆಯದೇ ಗುಣ ಕಂಡಿತು. ಒಬ್ಬರು ಮನೆಯೊಳಗೆ ಬಂದರೆ ಅಲ್ಲಿದ್ದವರು ಅವರನ್ನು ಕರೆದು ಮಾತಾಡಿಸುತ್ತಾರೆ. ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರ ಮಾತು. ಕಾಫಿ ಬೇಕಾ, ಊಟ ಆಯ್ತಾ ಎನ್ನುವ ಮಾತಿನ ನಡುವೆಯೇ ಸಾಲ, ಮದುವೆ, ಕೆಲಸದ ಸಂಕಟ ಹೊರಬರುತ್ತದೆ. ನಮ್ಮ ಮನೆಗಳಲ್ಲೂ ಅದು ಹಾಗೇ ಬರುವುದು. ಮೂರು ಕಂತಿಗೆ ಬಿದ್ದದ್ದು ಐದು ಗೀಟು, ಹನ್ನೊಂದು ಸೊನ್ನೆ. ಮೂರನೆಯ ದಿನ ರಾತ್ರಿ ಮಲಗಿದ ಮೇಲೂ ಅಮ್ಮ ಕತ್ತಲಲ್ಲಿ, "ಅವನು ಅಷ್ಟು ಹೊತ್ತು ಯಾಕೆ ಸುಮ್ನಿದ್ದ ಅಂತೀಯ?" ಎಂದು ಕೇಳಿದಳು.

ಇದು ಯಾಕೆ ಹೀಗೆ ಎಂದು ನಾನು ಬಹಳ ಯೋಚನೆ ಮಾಡಿದ್ದೇನೆ. ಸೀತಾರಾಂ ರಂಗಭೂಮಿಯಿಂದ ಬಂದವರು. ಆಸ್ಫೋಟ, ನಮ್ಮೊಳಗೊಬ್ಬ ನಾಜೂಕಯ್ಯ ಅವರು ಬರೆದ ನಾಟಕಗಳು. ನಾಟಕದಲ್ಲಿ ಮುಖವನ್ನು ಹತ್ತಿರ ತಂದು ತೋರಿಸುವ ಅವಕಾಶವೇ ಇಲ್ಲ. ಹಿಂದಿನ ಸಾಲಿನಲ್ಲಿ ಕೂತವರಿಗೂ ಮಾತಿನಿಂದಲೇ ಎಲ್ಲ ತಿಳಿಯಬೇಕು. ನಮ್ಮ ಅಮ್ಮ ಈಗ ಆ ಹಿಂದಿನ ಸಾಲಿನಲ್ಲಿ ಇದ್ದಾಳೆ. ಅವಳಿಗೆ ಮಾತು ತಲುಪುತ್ತಿದೆ.

ಸೀತಾರಾಂ ಅವರ ಇನ್ನೊಂದು ಧಾರಾವಾಹಿ 'ಮಗಳು ಜಾನಕಿ' ಕೂಡ ನನ್ನ ಪಟ್ಟಿಯಲ್ಲಿ ಇದೆ. ಅದರಲ್ಲಿ ಅಮ್ಮನಿಗೆ ತುಂಬ ಇಷ್ಟವಾದದ್ದು ಕೋರ್ಟು. ಅವರದೇ ಧಾರಾವಾಹಿ ಮುಕ್ತ ಮುಕ್ತದಲ್ಲೂ ಹಾಗೇ. ಸೀತಾರಾಂ ಅವರೇ ಸಿ.ಎಸ್.ಪಿ. ಎಂಬ ವಕೀಲರಾಗಿ ಎದ್ದು ನಿಂತರೆ ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾಳೆ. ಕಿವಿಗೆ ಕೋರ್ಟಿನ ದೃಶ್ಯದಷ್ಟು ಸಲೀಸು ಬೇರೆ ಇಲ್ಲ ನೋಡಿ. ಸಾಕ್ಷಿಯನ್ನು ಹೆಸರು ಹಿಡಿದು ಕರೆಯುತ್ತಾರೆ. ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ. ನಡುವೆ ಬಾಯಿ ಹಾಕಿದರೆ ನ್ಯಾಯಾಧೀಶರು ತಡೆಯುತ್ತಾರೆ. ಮಗಳು ಜಾನಕಿ ಐದನೆಯ ಸ್ಥಾನಕ್ಕೆ ಇಳಿಯಲು ಕಾರಣ ಕೋರ್ಟಿನ ಹೊರಗಿನ ಭಾಗ. ಅಲ್ಲಿ ಹಿನ್ನೆಲೆ ಸಂಗೀತ ಮಾತಿನ ಮೇಲೆ ಕೂರುತ್ತದೆ, ಅಮ್ಮ ತಡಕಾಡುತ್ತಾಳೆ.

ನನಗೆ ನಿದ್ದೆಗೆಡಿಸಿದ್ದು ಎರಡನೆಯ ಸ್ಥಾನ. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ಮೂಡಲ ಮನೆಯನ್ನು ನಾನು ಮನಸ್ಸಿನಲ್ಲಿ ಮೊದಲೇ ಮೇಲಿಟ್ಟಿದ್ದೆ. ಈಟಿವಿ ಕನ್ನಡದಲ್ಲಿ ಬರುತ್ತಿದ್ದಾಗ ಒಂದು ಕಂತೂ ಬಿಟ್ಟವಳಲ್ಲ. ಈಗ ಹುಡುಕಿದಾಗ ನನಗೆ ಸಿಕ್ಕಿದ್ದು ಬಿಡಿ ಭಾಗಗಳು ಮಾತ್ರ. ಹಾಕಿದ ಮೊದಲ ದಿನವೇ ಹದಿನಾಲ್ಕು ಗೀಟು! ನಾವು ತೀರ್ಥಹಳ್ಳಿ ಕಡೆಯವರು. ಅದರಲ್ಲಿರುವುದು ಧಾರವಾಡ ಕಡೆಯ ಮಾತು. ಅಮ್ಮನಿಗೆ ಜನರ ಗುರುತು ಹಿಡಿಯುವ ಮೊದಲು ಆ ಮಾತಿನ ಓಟ ಹಿಡಿಯಬೇಕಿತ್ತು. ಎರಡನೆಯ ದಿನ ಎಂಟು ಗೀಟು. ಮೂರನೆಯ ದಿನ ಎರಡೇ ಎರಡು. ಆ ಹೊತ್ತಿಗೆ ಅವಳು ನನ್ನನ್ನು "ಬರ್ರಿ, ಕೂಡ್ರಿ" ಎಂದು ಕರೆಯಲು ಶುರು ಮಾಡಿದ್ದಳು. ಎಪ್ಪತ್ತಾರು ವರ್ಷದವಳ ಬಾಯಲ್ಲಿ ಹೊಸ ಮಾತು ಕೇಳಿ ನನಗೆ ಆದ ಸಂತೋಷ ಹೇಳತೀರದು.

ಸರಾಸರಿ ತೆಗೆದರೆ ಮೂಡಲ ಮನೆ ಕೆಳಗೆ ಹೋಗುತ್ತದೆ. ಅದು ನ್ಯಾಯ ಅಲ್ಲ. ನಮ್ಮ ಊರಿನ ಮಾತು ಆಡದಿರುವುದು ಧಾರಾವಾಹಿಯ ತಪ್ಪಲ್ಲವಲ್ಲ. ಹಾಗಾಗಿ ನಿಯಮ ಬದಲಾಯಿಸಿದೆ. ಮೊದಲ ಎರಡು ದಿನ ಕಿವಿ ಒಗ್ಗಿಸಿಕೊಳ್ಳಲು, ಲೆಕ್ಕಕ್ಕೆ ಮೂರನೆಯ ದಿನ ಮಾತ್ರ. ಎಲ್ಲವನ್ನೂ ಮತ್ತೆ ಎಣಿಸಿದೆ. ಮಾಯಾಮೃಗಕ್ಕೆ ಮೂರನೆಯ ದಿನ ಒಂದೇ ಗೀಟು ಇತ್ತು, ಅದು ಅಲ್ಲೇ ಉಳಿಯಿತು. ಮೂಡಲ ಮನೆ ಎರಡಕ್ಕೆ ಬಂತು. ಒಂದು ಪ್ರದೇಶದ ಮಾತನ್ನು ನಗಿಸುವುದಕ್ಕೆ ಬಳಸದೆ, ಅಳುವುದಕ್ಕೂ ಜಗಳಕ್ಕೂ ಪ್ರೀತಿಗೂ ಅದನ್ನೇ ಬಳಸಿದ ಕೆಲಸ ಅದು. ನಾನು ಅದಕ್ಕೆ ಕೈ ಮುಗಿಯುತ್ತೇನೆ.

ಮೂರನೆಯದು ಧಾರಾವಾಹಿಯೇ ಅಲ್ಲ, ಚಂದನದ ಥಟ್ ಅಂತ ಹೇಳಿ. ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದಿರುವ ಕ್ವಿಜ್. ಸರಿ ಉತ್ತರಕ್ಕೆ ಬಹುಮಾನ ಪುಸ್ತಕ. ಪ್ರಶ್ನೆ ಬಂದ ಕೂಡಲೇ ಅಮ್ಮನೂ ಉತ್ತರ ಹೇಳುತ್ತಾಳೆ, ಸರಿಯಾದರೆ ಕುರ್ಚಿಯ ಕೈಗೆ ಒಂದು ಪೆಟ್ಟು ಕೊಡುತ್ತಾಳೆ. ಗಾದೆ, ಪುರಾಣ, ಹಳೆಯ ಸಿನಿಮಾ ಅಂದರೆ ನನಗಿಂತ ಅವಳೇ ಮುಂದೆ. ಚಿತ್ರ ತೋರಿಸಿ ಕೇಳಿದಾಗ ಮಾತ್ರ ನನ್ನ ಕಡೆ ತಿರುಗುತ್ತಾಳೆ.

ನಾಲ್ಕನೆಯದು ಎದೆ ತುಂಬಿ ಹಾಡುವೆನು. ಹಾಡಿನ ಕಾರ್ಯಕ್ರಮಕ್ಕೆ ಕಿವಿಯ ಪರೀಕ್ಷೆ ಇಡುವುದು ಎಂಥ ದೊಡ್ಡ ವಿಷಯ ಅನ್ನಬಹುದು. ಆದರೆ ಅಮ್ಮ ಕಾಯುವುದು ಹಾಡು ಮುಗಿದ ಮೇಲಿನ ಹೊತ್ತಿಗೆ. ಆಗ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಾತಾಡುತ್ತಾರೆ. ಹಾಡಿದ ಮಗುವಿನ ಉಚ್ಚಾರ ಎಲ್ಲಿ ಜಾರಿತು ಎಂದು ಹೇಳುತ್ತಾರೆ, ತಾವೇ ಆ ಸಾಲು ಹಾಡಿ ತೋರಿಸುತ್ತಾರೆ. ಮಗುವಿಗೆ ಒಂಚೂರೂ ನೋವಾಗದ ಹಾಗೆ. 2020ರಲ್ಲಿ ಅವರು ತೀರಿಕೊಂಡಾಗ ಅಮ್ಮ ಇಡೀ ದಿನ ಮಂಕಾಗಿದ್ದಳು. ಈಗಲೂ ಅವರ ದನಿ ಬಂದರೆ "ಸ್ವಲ್ಪ ದೊಡ್ಡದು ಮಾಡು" ಅನ್ನುತ್ತಾಳೆ.

ಆರಕ್ಕೆ ಹಾಸ್ಯ ಧಾರಾವಾಹಿ ಪಾಪ ಪಾಂಡು. ಅಮ್ಮನಿಗೆ ಅದರ ಶ್ರೀಮತಿ ಪಾತ್ರದ ದನಿ ಒಂದೇ ಸಾಕು, ನಗು ಬಂದುಬಿಡುತ್ತದೆ. ಏಳಕ್ಕೆ ಸದಾನಂದ ಸುವರ್ಣ ಅವರ ಗುಡ್ಡದ ಭೂತ. ಪ್ರಕಾಶ್ ರೈ ಅವರ ಶುರುವಿನ ದಿನಗಳದ್ದು. ಕಣ್ಣು ಮುಚ್ಚಿ ಕೇಳಿದರೆ ಹೆದರಿಕೆ ಇನ್ನೂ ಜಾಸ್ತಿ. ಹಾಗಾಗಿ ಅಮ್ಮನ ಅಪ್ಪಣೆ ಆಗಿದೆ, ಅದನ್ನು ಹಗಲು ಹೊತ್ತಿನಲ್ಲೇ ಹಾಕಬೇಕು.

ಮಾಲ್ಗುಡಿ ಡೇಸ್ ಎಲ್ಲಿ ಹೋಯಿತು ಅಂತೀರಾ? ಅದಕ್ಕೆ ನನ್ನ ಲೆಕ್ಕ ಹತ್ತಲಿಲ್ಲ. ಶಂಕರ್‌ನಾಗ್ ಅದನ್ನು ತೆಗೆದದ್ದು ನಮ್ಮ ಆಗುಂಬೆಯಲ್ಲಿ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಹಿಂದಿಯಲ್ಲಿ ಬಂದಾಗ ಪಕ್ಕದ ಮನೆಯ ಜಗಲಿಯಲ್ಲಿ ಎಲ್ಲರೂ ಸೇರಿ ನೋಡಿದ್ದೆವು. ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ. ಆರ್.ಕೆ. ನಾರಾಯಣ್ ಅವರ ಕತೆಗಳಲ್ಲಿ ಎಷ್ಟೋ ಸಂಗತಿ ಮಾತಿಲ್ಲದೆ ನಡೆಯುತ್ತದೆ. ಹಾಗಾಗಿ ಗೀಟುಗಳು ಸಾಲಾಗಿ ಬೀಳುತ್ತವೆ ಎಂದು ನಾನು ಪೆನ್ನು ಹಿಡಿದೇ ಕೂತಿದ್ದೆ. ಎಲ್. ವೈದ್ಯನಾಥನ್ ಅವರ ಆ ರಾಗ ಶುರುವಾಯಿತು. ಅಮ್ಮ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕಂತು ಮುಗಿಯುವವರೆಗೂ ಇಲ್ಲ.

"ಅರ್ಥ ಆಯ್ತಾ ಅಮ್ಮ?" ಎಂದೆ.

"ಇದನ್ನು ಕೇಳ್ಬೇಕಾ ಮಾರಾಯ್ತಿ? ದೊಡ್ಡಮನೆ ಜಗಲಿ, ಆ ಕಂಬಗಳು, ಆ ಹುಡುಗ, ಎಲ್ಲ ಕಾಣ್ತದೆ" ಅಂದಳು.

ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್ ಹೇಗೆ ಓಡುತ್ತಿದ್ದ, ಅಪ್ಪನಾಗಿದ್ದ ಗಿರೀಶ್ ಕಾರ್ನಾಡ್ ಹೇಗೆ ನೋಡುತ್ತಿದ್ದರು ಎಂದು ಅವಳೇ ನನಗೆ ಹೇಳಿದಳು. ಸ್ವಾಮಿಯ ಅಮ್ಮನಾಗಿದ್ದವರು ಮೂಡಲ ಮನೆಯ ಅದೇ ವೈಶಾಲಿ ಎಂದು ನಾನು ನೆನಪಿಸಿದೆ. "ಹೌದಾ, ಅದಕ್ಕೇ" ಅಂದಳು. ಏನಕ್ಕೆ ಎಂದು ಹೇಳಲಿಲ್ಲ. ಅಂದು ಅವಳು ಕೇಳುತ್ತಿರಲಿಲ್ಲ, ನೋಡುತ್ತಿದ್ದಳು. ಒಂದು ಗೀಟೂ ಬೀಳಲಿಲ್ಲವೆಂದು ಅದನ್ನು ಮೊದಲ ಸ್ಥಾನಕ್ಕೆ ಏರಿಸಿದರೆ ಸುಳ್ಳಾಗುತ್ತದೆ. ಕೆಳಗಿಡಲು ನನ್ನ ಕೈ ಬರುವುದಿಲ್ಲ. ಡೈರಿಯಲ್ಲಿ ಅದಕ್ಕೆ ಬೇರೆಯದೇ ಹಾಳೆ ಕೊಟ್ಟಿದ್ದೇನೆ, ನಂಬರ್ ಹಾಕಿಲ್ಲ.

ಲೆಕ್ಕ ಇಡುತ್ತಿದ್ದೇನೆ ಎಂದು ನಾನು ಅಮ್ಮನಿಗೆ ಹೇಳಿರಲಿಲ್ಲ. ಪಟ್ಟಿ ಮುಗಿದ ಮೇಲೆ ಒಂದು ದಿನ ಅವಳೇ ಕೇಳಿದಳು. "ನಾನು ಮಾತಾಡಿದಾಗೆಲ್ಲ ಎಂತ ಗೀಚ್ತೀಯೆ? ಪೆನ್ನಿನ ಸದ್ದು ಕೇಳ್ತದೆ." ಎಲ್ಲ ಹೇಳಿದೆ. ರ‍್ಯಾಂಕುಗಳನ್ನು ಓದಿದೆ. ಅವಳು ಒಂದೇ ತಿದ್ದುಪಡಿ ಕೇಳಿದಳು, ಪಾಪ ಪಾಂಡು ಮಗಳು ಜಾನಕಿಗಿಂತ ಮೇಲೆ ಇರಬೇಕಂತೆ. ನಾನು ಒಪ್ಪಲಿಲ್ಲ. ಆ ವಾದ ಇನ್ನೂ ನಡೆದಿದೆ.

ಈಗ ಮಾಯಾಮೃಗವನ್ನು ಮೊದಲಿನಿಂದ ಹಾಕಿದ್ದೇವೆ, ದಿನಕ್ಕೆ ಎರಡು ಕಂತು, ಊಟಕ್ಕೆ ಮುಂಚೆ. ಪೆನ್ನು ಡೈರಿಯ ಒಳಗಿದೆ.